‘ಇಯರ್ಸ್ ಓಲ್ಡ್’ ಎಲ್ಲಿ, ‘ಇಯರ್-ಓಲ್ಡ್’ ಎಲ್ಲಿ: ಇಂಗ್ಲಿಷಿನಲ್ಲಿ ವಯಸ್ಸು ಬರೆಯುವವರಿಗೆ

ಹಳ್ಳಿಕಾರ್ ಹೋರಿ ಮಾರಾಟಕ್ಕಿದೆ ಎಂದು ಫೋನಿನಿಂದ ಫೋನಿಗೆ ಹರಿದಾಡುವ ಒಂದು ಪೋಸ್ಟರ್ ಇಟ್ಟುಕೊಳ್ಳೋಣ. ಚಿತ್ರದ ಅಡಿಗೆ ಇಂಗ್ಲಿಷಿನಲ್ಲಿ ‘ಟೂ ಇಯರ್ ಓಲ್ಡ್ ಬುಲ್ಸ್ ಫಾರ್ ಸೇಲ್’ ಎಂದಿದೆ. ಇದಕ್ಕೆ ಎರಡು ಅರ್ಥ. ‘ಟೂ-ಇಯರ್-ಓಲ್ಡ್ ಬುಲ್ಸ್’ ಎಂದು ಮೊದಲ ಮೂರೂ ಪದಗಳನ್ನು ಅಡ್ಡಗೆರೆಯಿಂದ ಕಟ್ಟಿದರೆ ಎರಡು ವರ್ಷದ ಹೋರಿಗಳು. ಎಷ್ಟಿವೆ ಎಂಬುದು ಗೊತ್ತಾಗುವುದಿಲ್ಲ. ‘ಟೂ’ ಬಿಟ್ಟು ‘ಇಯರ್-ಓಲ್ಡ್’ ಮಾತ್ರ ಕಟ್ಟಿದರೆ ಒಂದು ವರ್ಷದ ಎರಡು ಹೋರಿಗಳು. ಸಂತೆಯಲ್ಲಾದರೆ ಬಾಯಿ ಬಿಡಿಸಿ ನೋಡಿ ಹಾಲುಹಲ್ಲೋ, ಎರಡು ಹಲ್ಲೋ, ಬಾಯಿಗೂಡಿದ್ದೋ (ಹಲ್ಲೆಲ್ಲ ಬಂದದ್ದೋ) ಎಂದು ವಯಸ್ಸು ಹೇಳಿಬಿಡಬಹುದು. ಪೋಸ್ಟರಿನಲ್ಲಿ ಹಲ್ಲು ಕಾಣದು, ಅಡ್ಡಗೆರೆಯೇ ಗತಿ.

ಹಾಸನ, ಚಿಕ್ಕಮಗಳೂರು ಕಡೆ ಇಂಗ್ಲಿಷಿನಲ್ಲಿ ವಯಸ್ಸು ಬರೆಯುವ ಪ್ರಸಂಗ ಕಡಿಮೆಯೇನಲ್ಲ. ತೋಟ ಮಾರಾಟದ ಜಾಹೀರಾತು, ಹೋಮ್‌ಸ್ಟೇ ದರಪಟ್ಟಿ, ಬೇಲೂರಿಗೆ ಬಂದವರಿಗೆ ಗೈಡ್ ಹೇಳುವ ಮಾತು, ಕೆಲಸದ ಅರ್ಜಿ, ಶ್ರದ್ಧಾಂಜಲಿ, ಪತ್ರಿಕೆಗೆ ಕಳಿಸುವ ಸುದ್ದಿ. ಎಲ್ಲ ಕಡೆಯೂ ಎಡವಿಸುವುದು ನೋಡಲು ಒಂದೇ ತರಹ ಇರುವ ಎರಡು ರೂಪಗಳು: ‘ಟೆನ್ ಇಯರ್ಸ್ ಓಲ್ಡ್’ ಮತ್ತು ‘ಟೆನ್-ಇಯರ್-ಓಲ್ಡ್’. ಒಂದರಲ್ಲಿ ‘ಇಯರ್’ಗೆ ‘ಎಸ್’ ಇದೆ, ಅಡ್ಡಗೆರೆ ಇಲ್ಲ. ಇನ್ನೊಂದರಲ್ಲಿ ಅಡ್ಡಗೆರೆ ಇದೆ, ‘ಎಸ್’ ಇಲ್ಲ. ಇದರದ್ದು ಅದಕ್ಕೆ ಹಾಕಿದರೆ ಎರಡೂ ಕೆಡುತ್ತವೆ.

ಆಯ್ಕೆ ಮಾಡುವುದು ಕನ್ನಡದ ‘ದ’

ವ್ಯಾಕರಣದ ಹೆಸರುಗಳನ್ನು ಬಾಯಿಪಾಠ ಮಾಡಬೇಕಿಲ್ಲ. ಹೇಳಬೇಕಾದ್ದನ್ನು ಮೊದಲು ಕನ್ನಡದಲ್ಲಿ ಹೇಳಿಕೊಳ್ಳಿ. ‘ಹುಡುಗನಿಗೆ ಹತ್ತು ವರ್ಷ’ ಎಂದು ಬಂದರೆ ವಯಸ್ಸು ವಾಕ್ಯದ ಕೊನೆಗೆ ನಿಂತಿದೆ. ಇಂಗ್ಲಿಷಿನಲ್ಲಿ ‘ದಿ ಬಾಯ್ ಈಸ್ ಟೆನ್ ಇಯರ್ಸ್ ಓಲ್ಡ್’. ‘ಎಸ್’ ಬೇಕು, ಅಡ್ಡಗೆರೆ ಬೇಡ. ‘ಹತ್ತು ವರ್ಷದ ಹುಡುಗ’ ಎಂದು ಬಂದರೆ ವಯಸ್ಸು ಹುಡುಗನ ಮುಂದೆ ವಿಶೇಷಣವಾಗಿ ನಿಂತಿದೆ; ಆಗ ‘ಎ ಟೆನ್-ಇಯರ್-ಓಲ್ಡ್ ಬಾಯ್’. ಅಡ್ಡಗೆರೆ ಬೇಕು, ‘ಎಸ್’ ಬೇಡ. ಕನ್ನಡದ ‘ವರ್ಷ’ಕ್ಕೆ ‘ದ’ ಅಂಟಿತೋ, ಇಂಗ್ಲಿಷಿನ ‘ಇಯರ್’ನಿಂದ ‘ಎಸ್’ ಉದುರಿತು. ಇಷ್ಟೇ ಪರೀಕ್ಷೆ.

‘ಎಸ್’ ಯಾಕೆ ಉದುರುತ್ತದೆ? ಇಂಗ್ಲಿಷಿನಲ್ಲಿ ವಿಶೇಷಣಕ್ಕೆ ಬಹುವಚನ ಇಲ್ಲ. ಅಳತೆಯ ಮಾತು ನಾಮಪದದ ಮುಂದೆ ಬಂದು ಕೂತ ಕೂಡಲೇ ಅದೂ ವಿಶೇಷಣದ ಕಟ್ಟಳೆಗೆ ಒಳಪಡುತ್ತದೆ. ಇದು ವಯಸ್ಸಿಗಷ್ಟೇ ಮೀಸಲಲ್ಲ. ಐದು ಎಕರೆ ತೋಟ ‘ಎ ಫೈವ್-ಏಕರ್ ಎಸ್ಟೇಟ್’, ಆದರೆ ‘ದಿ ಎಸ್ಟೇಟ್ ಈಸ್ ಫೈವ್ ಏಕರ್ಸ್’. ಮೂರು ದಿನದ ಜಾತ್ರೆ ‘ಎ ತ್ರೀ-ಡೇ ಫೇರ್’, ಆದರೆ ‘ದಿ ಫೇರ್ ಲಾಸ್ಟ್ಸ್ ತ್ರೀ ಡೇಸ್’. ಶ್ರವಣಬೆಳಗೊಳದ ಗೊಮ್ಮಟನನ್ನು ‘57-ಫುಟ್ ಸ್ಟ್ಯಾಚ್ಯೂ’ ಎನ್ನಿ, ಅಥವಾ ‘57 ಫೀಟ್ ಟಾಲ್’ ಎನ್ನಿ; ‘57-ಫೀಟ್ ಸ್ಟ್ಯಾಚ್ಯೂ’ ಎಂದು ಎಷ್ಟೋ ಕಡೆ ಕಾಣುವುದು ‘ಇಯರ್ಸ್ ಓಲ್ಡ್ ಬಾಯ್’ ತಪ್ಪಿನ ಅಣ್ಣತಮ್ಮನೇ.

ನಮ್ಮವರು ಎರಡು ತಪ್ಪುಗಳನ್ನು ಎರಡು ಬೇರೆ ಕಾರಣಕ್ಕೆ ಮಾಡುತ್ತಾರೆ. ಕನ್ನಡದಲ್ಲಿ ಸಂಖ್ಯೆ ಮೊದಲು ಬಂದರೆ ಬಹುವಚನದ ಹಂಗಿಲ್ಲ. ‘ಹತ್ತು ವರ್ಷಗಳು’ ಎಂದು ಯಾರೂ ಮಾತಾಡುವುದಿಲ್ಲ, ‘ಹತ್ತು ವರ್ಷ’ ಸಾಕು. ಆ ಅಭ್ಯಾಸದಿಂದ ‘ಹೀ ಈಸ್ ಟೆನ್ ಇಯರ್ ಓಲ್ಡ್’ ಹುಟ್ಟುತ್ತದೆ. ಮಾತಿನಲ್ಲಿ ‘ಇಯರ್ಸ್’ನ ಕೊನೆಯ ಸದ್ದು ‘ಓಲ್ಡ್’ಗೆ ತಾಗಿಕೊಂಡು ಕರಗಿಹೋಗುವುದರಿಂದ ಕಿವಿಯೂ ನೆರವಾಗುವುದಿಲ್ಲ. ಇದನ್ನು ಮೇಷ್ಟ್ರು ಒಮ್ಮೆ ತಿದ್ದಿದ ಮೇಲೆ, ಪಾಪ, ಹುಡುಗರು ಎಲ್ಲ ಕಡೆಯೂ ‘ಎಸ್’ ತುರುಕಲು ಶುರು ಮಾಡುತ್ತಾರೆ. ಆಗ ‘ಎ ಟೆನ್ ಇಯರ್ಸ್ ಓಲ್ಡ್ ಬಾಯ್’ ಬರುತ್ತದೆ. ಮೊದಲನೆಯದು ಕನ್ನಡದ ತಪ್ಪು, ಎರಡನೆಯದು ಅರ್ಧ ಕಲಿತ ಇಂಗ್ಲಿಷಿನ ತಪ್ಪು. ಎರಡನೆಯದನ್ನು ಬಿಡಿಸುವುದೇ ಕಷ್ಟ.

‘ದ’ ಪರೀಕ್ಷೆಗೂ ಒಂದು ಹಳ್ಳ ಇದೆ. ಕನ್ನಡದ ‘ಹತ್ತು ವರ್ಷದ’ ವಯಸ್ಸನ್ನೂ ಹೇಳುತ್ತದೆ, ಅವಧಿಯನ್ನೂ ಹೇಳುತ್ತದೆ. ಐದು ವರ್ಷದ ಗಿಡ ‘ಫೈವ್-ಇಯರ್-ಓಲ್ಡ್ ಪ್ಲಾಂಟ್’. ಐದು ವರ್ಷದ ಸಾಲ ‘ಫೈವ್-ಇಯರ್ ಲೋನ್’. ಇಲ್ಲಿ ‘ಓಲ್ಡ್’ ಸೇರಿಸಿದರೆ ಸಾಲ ತೆಗೆದು ಐದು ವರ್ಷ ಆಗಿದೆ ಎಂದಾಗುತ್ತದೆ, ಬ್ಯಾಂಕಿನವರ ಹುಬ್ಬು ಮೇಲೇರುತ್ತದೆ. ಇಪ್ಪತ್ತು ವರ್ಷದ ಅನುಭವ ‘ಟ್ವೆಂಟಿ ಇಯರ್ಸ್ ಆಫ್ ಎಕ್ಸ್‌ಪೀರಿಯೆನ್ಸ್’, ಇಲ್ಲಿಯೂ ‘ಓಲ್ಡ್’ ಕೂಡದು. ‘ಹತ್ತು ವರ್ಷದ ಗೆಳೆಯ’ ಎಂಬುದಂತೂ ಕನ್ನಡದಲ್ಲೇ ಇಬ್ಬಗೆ. ಗೆಳೆತನಕ್ಕೆ ಹತ್ತು ವರ್ಷವಾಗಿದ್ದರೆ ‘ಎ ಫ್ರೆಂಡ್ ಆಫ್ ಟೆನ್ ಇಯರ್ಸ್’. ಗೆಳೆಯ ನಾಲ್ಕನೇ ಕ್ಲಾಸಿನ ಹುಡುಗನಾಗಿದ್ದರೆ ಮಾತ್ರ ‘ಟೆನ್-ಇಯರ್-ಓಲ್ಡ್ ಫ್ರೆಂಡ್’. ‘ಇದು ಹುಟ್ಟಿ ಇಷ್ಟು ವರ್ಷವಾಯಿತೋ, ಇದು ಇಷ್ಟು ವರ್ಷ ನಡೆಯುವುದೋ’ ಎಂದು ಕೇಳಿಕೊಂಡರೆ ಸಾಕು.

ಅಡ್ಡಗೆರೆ ಬಿಟ್ಟರೆ ಕಳೆದುಕೊಳ್ಳುವುದೇನು

ಅಡ್ಡಗೆರೆ ಎಂದರೆ ಶೋಕಿ ಎಂದುಕೊಂಡವರು ಕಾಫಿ ತೋಟದ ಜಾಹೀರಾತನ್ನು ನೋಡಬೇಕು. ‘ಟ್ವೆಂಟಿ ಫೋರ್ ಇಯರ್ ಓಲ್ಡ್ ಪ್ಲಾಂಟ್ಸ್’ ಎಂದು ಬಿಡಿಬಿಡಿಯಾಗಿ ಬರೆದರೆ 24 ವರ್ಷದ ಗಿಡಗಳೂ ಆಗಬಹುದು, 4 ವರ್ಷದ 20 ಗಿಡಗಳೂ ಆಗಬಹುದು. ಅರೇಬಿಕಾ ಗಿಡ ನೆಟ್ಟ ಮೂರು ನಾಲ್ಕು ವರ್ಷಕ್ಕೆ ಫಸಲಿಗೆ ಬರುವಂಥದ್ದು. ನಾಲ್ಕರ ಗಿಡ ಎಂದರೆ ಆಗಷ್ಟೇ ಕೈಗೆ ಹತ್ತುತ್ತಿದೆ. ಇಪ್ಪತ್ನಾಲ್ಕರದ್ದು ಎಂದರೆ ಎಷ್ಟು ಫಸಲು ಕೊಟ್ಟಿದೆ, ಕಾಂಡಕೊರಕ ಹತ್ತಿದೆಯೇ, ಎಷ್ಟನ್ನು ಕಿತ್ತು ಮರುನಾಟಿ ಮಾಡಬೇಕು ಎಂದು ಕೊಳ್ಳುವವನು ಲೆಕ್ಕ ಶುರು ಮಾಡುತ್ತಾನೆ. ಬೆಲೆಯೇ ಬೇರೆ.

‘ಟ್ವೆಂಟಿ-ಫೋರ್-ಇಯರ್-ಓಲ್ಡ್’ ಎಂದು ಮೂರು ಗೆರೆ ಹಾಕಿದರೆ 24 ವರ್ಷ. ‘ಟ್ವೆಂಟಿ’ಯನ್ನು ಬಿಟ್ಟು ‘ಫೋರ್-ಇಯರ್-ಓಲ್ಡ್’ ಎಂದು ಎರಡು ಗೆರೆ ಹಾಕಿದರೆ ನಾಲ್ಕು ವರ್ಷದ 20. ಅಂಕಿಯಲ್ಲಿ ‘24-ಇಯರ್-ಓಲ್ಡ್’ ಬರೆದರೆ ಎರಡೇ ಗೆರೆ ಸಾಕು, ಗೊಂದಲವೂ ಕಡಿಮೆ. ಗಿಡದ ಸಂಖ್ಯೆ, ವಯಸ್ಸು ಎರಡನ್ನೂ ಹೇಳಬೇಕಿದ್ದರೆ ಎರಡು ಅಂಕಿಯನ್ನು ಬೆನ್ನಿಗೆ ಬೆನ್ನು ನಿಲ್ಲಿಸಬೇಡಿ. ‘200 10-ಇಯರ್-ಓಲ್ಡ್ ಪ್ಲಾಂಟ್ಸ್’ ಎಂಬುದನ್ನು ಫೋನಿನಲ್ಲಿ ಓದುವವನ ಕಣ್ಣಿಗೆ 20010 ಎಂದೇ ಕಾಣುತ್ತದೆ. ‘200 ಪ್ಲಾಂಟ್ಸ್, ಈಚ್ 10 ಇಯರ್ಸ್ ಓಲ್ಡ್’ ಎಂದು ವಯಸ್ಸನ್ನು ಹಿಂದಕ್ಕೆ ದಾಟಿಸಿದರೆ ಅಡ್ಡಗೆರೆಯ ತಂಟೆಯೇ ಇಲ್ಲ. ಗೆರೆ ಎಲ್ಲಿ ಹಾಕಬೇಕೆಂದು ಅನುಮಾನ ಬಂದಾಗಲೆಲ್ಲ ಈ ದಾರಿ ಹಿಡಿಯುವುದು ನಮ್ಮ ಸಲಹೆ. ‘ಇಯರ್ಸ್ ಓಲ್ಡ್’ ರೂಪದಲ್ಲಿ ತಪ್ಪಾಗುವ ಜಾಗ ಕಡಿಮೆ.

ಒಂದೇ ಗೆರೆ ಹಾಕಿ ‘ಟೆನ್ ಇಯರ್-ಓಲ್ಡ್ ಬಾಯ್’ ಅಥವಾ ‘ಟೆನ್-ಇಯರ್ ಓಲ್ಡ್ ಬಾಯ್’ ಬರೆಯುವುದು ಪತ್ರಿಕೆಗಳಲ್ಲೂ ಕಾಣುತ್ತದೆ. ಎರಡೂ ಅರೆಬರೆ. ಕಟ್ಟಿದರೆ ಪೂರ್ತಿ ಕಟ್ಟಬೇಕು.

ಹುಡುಗ, ಹುಡುಗಿ ಎಂಬ ಪದವನ್ನೇ ಬಿಟ್ಟು ‘ಹತ್ತು ವರ್ಷದವನು’ ಎನ್ನುವಂತೆ ಇಂಗ್ಲಿಷಿನಲ್ಲಿಯೂ ಹೇಳಬಹುದು: ‘ಎ ಟೆನ್-ಇಯರ್-ಓಲ್ಡ್’. ಇಲ್ಲಿ ಅಡ್ಡಗೆರೆ ಹಾಗೆಯೇ ಉಳಿಯುತ್ತದೆ. ಹಲವರಿದ್ದರೆ ‘ಎಸ್’ ಕೊನೆಗೆ: ‘ಟೆನ್-ಇಯರ್-ಓಲ್ಡ್ಸ್’. ‘ಟೆನ್-ಇಯರ್ಸ್-ಓಲ್ಡ್’ ಆಗದು. ‘ಹತ್ತು ವರ್ಷದವರು’ ಎಂಬಲ್ಲಿ ಬಹುವಚನ ‘ವರು’ ಎಂದು ಕೊನೆಗೆ ಬರುತ್ತದಲ್ಲ, ಹಾಗೆಯೇ.

ಒಂದು, ಅರ್ಧ, ತಿಂಗಳು ಇವುಗಳ ಮಾತು ಬೇಗ ಮುಗಿಯುತ್ತದೆ. ಒಂದು ವರ್ಷಕ್ಕೆ ಎಲ್ಲಿಯೂ ‘ಎಸ್’ ಇಲ್ಲ: ‘ಒನ್ ಇಯರ್ ಓಲ್ಡ್’, ‘ಒನ್-ಇಯರ್-ಓಲ್ಡ್ ಕಾಫ್’. ಒಂದೂವರೆ ಆದ ತಕ್ಷಣ ಬಹುವಚನ: ‘ಒನ್ ಅಂಡ್ ಎ ಹಾಫ್ ಇಯರ್ಸ್ ಓಲ್ಡ್’. ಕನ್ನಡದಲ್ಲಿ ಒಂದೂವರೆಯನ್ನು ಯಾರೂ ಬಹುವಚನ ಎಂದು ಎಣಿಸದ ಕಾರಣ ಇದು ತಪ್ಪಿಹೋಗುತ್ತದೆ. ‘ಟೂ-ಅಂಡ್-ಎ-ಹಾಫ್-ಇಯರ್-ಓಲ್ಡ್ ಚೈಲ್ಡ್’ ಸರಿ, ಆದರೆ ಸರಪಳಿ ಉದ್ದವಾಯಿತು. ‘30-ಮಂತ್-ಓಲ್ಡ್’ ಅನ್ನಿ, ಇಲ್ಲವೇ ಹಿಂದಕ್ಕೆ ದಾಟಿಸಿ. ಎರಡು ವರ್ಷದವರೆಗಿನ ಮಗುವಿಗೆ, ಕರುವಿಗೆ, ನರ್ಸರಿ ಗಿಡಕ್ಕೆ ತಿಂಗಳಲ್ಲೇ ವಯಸ್ಸು ಹೇಳುವುದು ಇಂಗ್ಲಿಷಿನಲ್ಲೂ ರೂಢಿ.

ಮುಂದೆ ‘ಎ’ ಬೇಕೋ ‘ಆನ್’ ಬೇಕೋ ಎಂಬುದನ್ನು ಸಂಖ್ಯೆಯ ಉಚ್ಚಾರ ತೀರ್ಮಾನಿಸುತ್ತದೆ, ಬರೆದ ಅಂಕಿ ಅಲ್ಲ. ನೂರರೊಳಗೆ ಸ್ವರದಿಂದ ಶುರುವಾಗುವ ಸಂಖ್ಯೆಗಳು ಎಂಟು, ಹನ್ನೊಂದು, ಹದಿನೆಂಟು, ಮತ್ತೆ ಎಂಬತ್ತರಿಂದ ಎಂಬತ್ತೊಂಬತ್ತು: ‘ಆನ್ 8-ಇಯರ್-ಓಲ್ಡ್’, ‘ಆನ್ 11-ಇಯರ್-ಓಲ್ಡ್’, ‘ಆನ್ 80-ಇಯರ್-ಓಲ್ಡ್’. ‘ಒನ್’ ಮಾತ್ರ ‘ವ’ ಸದ್ದಿನಿಂದ ಶುರುವಾಗುವುದರಿಂದ ‘ಎ ಒನ್-ಇಯರ್-ಓಲ್ಡ್’.

ಬೇಲೂರಿಗೆ 900 ದಾಟಿದೆ, ಅದನ್ನು ಹೇಗೆ ಹೇಳುವುದು

ಚೆನ್ನಕೇಶವನ ಪ್ರತಿಷ್ಠೆಯಾದದ್ದು 1117ರಲ್ಲಿ, ವಿಷ್ಣುವರ್ಧನನ ಕಾಲಕ್ಕೆ. 2017ಕ್ಕೇ 900 ತುಂಬಿತು. ‘ಎ 900-ಇಯರ್-ಓಲ್ಡ್ ಟೆಂಪಲ್’ ಎಂದರೆ ಸುಮಾರಾಗಿ ಸರಿ. ತೊಡಕಾಗುವುದು ‘900 ವರ್ಷಕ್ಕೂ ಹಳೆಯ’ ಎಂದು ಹೇಳಹೊರಟಾಗ. ‘ಎ ಮೋರ್ ದ್ಯಾನ್ 900 ಇಯರ್ಸ್ ಓಲ್ಡ್ ಟೆಂಪಲ್’ ಎಂದು ಬರೆಯುತ್ತಾರೆ. ‘ಮೋರ್ ದ್ಯಾನ್’, ‘ನಿಯರ್ಲಿ’, ‘ಅಬೌಟ್’ ಇಂಥ ಮಾತು ಬಂದ ಕೂಡಲೇ ವಯಸ್ಸನ್ನು ನಾಮಪದದ ಹಿಂದಕ್ಕೆ ಕಳಿಸಿಬಿಡುವುದು ಒಳ್ಳೆಯದು: ‘ಎ ಟೆಂಪಲ್ ಮೋರ್ ದ್ಯಾನ್ 900 ಇಯರ್ಸ್ ಓಲ್ಡ್’. ಹಿಂದೆ ಹೋದದ್ದರಿಂದ ‘ಎಸ್’ ಮರಳಿ ಬಂತು, ಗೆರೆ ಹೋಯಿತು.

ಬೋರ್ಡು, ಬ್ರೋಷರು, ವೆಬ್‌ಸೈಟಿಗೆ ಬರೆಯುವವರಿಗೆ ಇದಕ್ಕಿಂತ ಮುಖ್ಯವಾದ ಇನ್ನೊಂದು ಮಾತು: ವಯಸ್ಸು ಹಳಸುತ್ತದೆ, ಇಸವಿ ಹಳಸುವುದಿಲ್ಲ. ‘ಅವರ್ 80-ಇಯರ್-ಓಲ್ಡ್ ಬಂಗಲೋ’ ಎಂದು ಹೋಮ್‌ಸ್ಟೇ ಬೋರ್ಡಿಗೆ ಬಣ್ಣ ಬಳಿಸಿದರೆ ಮುಂದಿನ ಮಳೆಗಾಲಕ್ಕೆ ಅದು ಸುಳ್ಳು. ಹತ್ತು ವರ್ಷವಾದರೂ ಬಂಗಲೆಗೆ ಎಂಬತ್ತೇ. ‘ಬಿಲ್ಟ್ ಇನ್ 1945’ ಎಂದರೆ ಬಣ್ಣ ಮಾಸುವ ತನಕ ಸರಿ. ಗಿಡಕ್ಕೂ ‘ಪ್ಲಾಂಟೆಡ್ ಇನ್ 2012’ ಎಂಬುದು ವಯಸ್ಸಿಗಿಂತ ಗಟ್ಟಿ, ಕೊಳ್ಳುವವನು ತಾನೇ ವಯಸ್ಸು ಲೆಕ್ಕ ಹಾಕಿಕೊಳ್ಳಲಿ. ಇಸವಿ ಖಚಿತವಿಲ್ಲದ ಕಟ್ಟಡಕ್ಕೆ ಶತಮಾನ ಹೇಳಿ. ಹೇಮಾವತಿ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಅರ್ಧ ಮುಳುಗುವ ಶೆಟ್ಟಿಹಳ್ಳಿ ಚರ್ಚನ್ನು ‘ಎ ನೈನ್‌ಟೀನ್ತ್-ಸೆಂಚುರಿ ಚರ್ಚ್’ ಎಂದರೆ ಯಾರೂ ತಕರಾರು ತೆಗೆಯಲಾರರು.

ತುಂಬಿತೋ, ಬಿತ್ತೋ

ರೂಪ ಸರಿಯಾದ ಮೇಲೂ ಸಂಖ್ಯೆಯೇ ತಪ್ಪಾಗಬಹುದು. ಇದು ಹೆಚ್ಚು ದುಬಾರಿ ತಪ್ಪು, ಅದಕ್ಕೇ ಇಲ್ಲಿ ಸ್ವಲ್ಪ ನಿಲ್ಲಬೇಕು.

ಮಗೂಗೆ ಎಷ್ಟು ವರ್ಷ ಎಂದು ಕೇಳಿದರೆ ನಮ್ಮ ಕಡೆ ಅಜ್ಜಿಯರು ‘ಐದು ತುಂಬಿ ಆರಕ್ಕೆ ಬಿದ್ದೈತೆ’ ಅನ್ನುತ್ತಾರೆ. ಅವಸರದಲ್ಲಿದ್ದರೆ ಬರೀ ‘ಆರಕ್ಕೆ ಬಿದ್ದೈತೆ’, ಇಲ್ಲವೇ ‘ಆರು ನಡೀತೈತೆ’. ಕನ್ನಡದಲ್ಲಿ ತುಂಬಿದ ವರ್ಷಕ್ಕೂ ನಡೆಯುತ್ತಿರುವ ವರ್ಷಕ್ಕೂ ಸಮನಾದ ಮರ್ಯಾದೆ. ಇಂಗ್ಲಿಷಿನ ‘ಇಯರ್ಸ್ ಓಲ್ಡ್’, ‘ಇಯರ್-ಓಲ್ಡ್’ ಎರಡೂ ತುಂಬಿದ್ದನ್ನು ಮಾತ್ರ ಎಣಿಸುತ್ತವೆ. ಐದು ವರ್ಷ ಹನ್ನೊಂದು ತಿಂಗಳ ಮಗು ಕೂಡ ‘ಫೈವ್ ಇಯರ್ಸ್ ಓಲ್ಡ್’ ಅಷ್ಟೇ. ಅಜ್ಜಿಯ ‘ಆರು ನಡೀತೈತೆ’ಯನ್ನು ಯಾರಾದರೂ ‘ಸಿಕ್ಸ್ ಇಯರ್ಸ್ ಓಲ್ಡ್’ ಎಂದು ಅರ್ಜಿಗೆ ಇಳಿಸಿದರೆ ಜನನ ಪ್ರಮಾಣಪತ್ರದ ಜೊತೆ ತಾಳೆಯಾಗುವುದಿಲ್ಲ. ಒಂದನೇ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಎಂಬುದು ರಾಜ್ಯದ ನಿಯಮ. 2025–26ರ ಸಾಲಿಗೆ ಮಾತ್ರ 5 ವರ್ಷ 5 ತಿಂಗಳಿಗೆ ಸಡಿಲಿಸಿದ್ದರು. ಇಂಥಲ್ಲಿ ‘ಕಂಪ್ಲೀಟೆಡ್ ಸಿಕ್ಸ್ ಇಯರ್ಸ್’ ಎಂದರೆ ಆರು ತುಂಬಿದೆ, ‘ರನ್ನಿಂಗ್ ಸಿಕ್ಸ್’ ಎಂದರೆ ಆರಕ್ಕೆ ಬಿದ್ದಿದೆ.

ಈ ‘ರನ್ನಿಂಗ್ ಸಿಕ್ಸ್’ ನಮ್ಮ ದೇಶದ ಇಂಗ್ಲಿಷು. ಇಲ್ಲಿ ಎಲ್ಲರಿಗೂ ತಿಳಿಯುತ್ತದೆ, ಹೊರಗಿನವರಿಗೆ ಮಗು ಓಡುತ್ತಿರುವ ಚಿತ್ರ ಕಾಣುತ್ತದೆ. ಅವರ ಮಾತು ‘ಗೋಯಿಂಗ್ ಆನ್ ಸಿಕ್ಸ್’. ಆದರೆ ಎರಡೂ ಒಂದೇ ತೂಕದವಲ್ಲ. ಐದನೇ ಹುಟ್ಟುಹಬ್ಬದ ಮಾರನೇ ದಿನವೇ ನಮ್ಮ ಮಗು ಆರಕ್ಕೆ ಬೀಳುತ್ತದೆ. ‘ಗೋಯಿಂಗ್ ಆನ್ ಸಿಕ್ಸ್’ ಎಂದರೆ ಆರು ಹತ್ತಿರ ಬಂತು ಎಂಬ ಧ್ವನಿ. ಅರ್ಜಿಯಲ್ಲಿ ಎರಡನ್ನೂ ಬಿಟ್ಟು ಹುಟ್ಟಿದ ತಾರೀಕು ಬರೆಯುವುದೇ ಲೇಸು.

ನಡೆಯುತ್ತಿರುವ ವರ್ಷಕ್ಕೆ ಇಂಗ್ಲಿಷಿನಲ್ಲೂ ಒಂದು ಮಾತಿದೆ: ‘ಇನ್ ಹಿಸ್ ಸಿಕ್ಸ್‌ತ್ ಇಯರ್’. ‘ನೇ’ ಪ್ರತ್ಯಯದ ಸಂಖ್ಯೆ, ಜೊತೆಗೆ ‘ಇನ್’. ಇದು ಯಾವಾಗಲೂ ವಯಸ್ಸಿಗಿಂತ ಒಂದು ಹೆಚ್ಚು. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು ಅವರ ಜನನ 1904ರ ಡಿಸೆಂಬರ್ 29, ನಿಧನ 1994ರ ನವೆಂಬರ್ 11. ಇಸವಿಗಳನ್ನಷ್ಟೇ ಕಳೆದರೆ 90 ಬರುತ್ತದೆ. ಆದರೆ ಆ ವರ್ಷದ ಹುಟ್ಟುಹಬ್ಬಕ್ಕೆ ಇನ್ನೂ ಏಳು ವಾರ ಬಾಕಿ ಇತ್ತು. ಹಾಗಾಗಿ ‘ಹೀ ವಾಸ್ 89 ಇಯರ್ಸ್ ಓಲ್ಡ್’ ಸರಿ, ‘ಇನ್ ಹಿಸ್ ನೈಂಟಿಯತ್ ಇಯರ್’ ಕೂಡ ಸರಿ, ‘90 ಇಯರ್ಸ್ ಓಲ್ಡ್’ ತಪ್ಪು. ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯವರಾದ ಎಚ್.ಡಿ. ದೇವೇಗೌಡರು ಹುಟ್ಟಿದ್ದು 1933ರ ಮೇ 18, ಪ್ರಧಾನಿಯಾದದ್ದು 1996ರ ಜೂನ್ 1. ಹುಟ್ಟುಹಬ್ಬ ಕಳೆದು ಎರಡು ವಾರ. ಇಲ್ಲಿ ಇಸವಿ ಕಳೆದರೂ ಉತ್ತರ ಸರಿ: ‘ಅಟ್ ದಿ ಏಜ್ ಆಫ್ 63’, ನಡೆಯುತ್ತಿದ್ದದ್ದು 64ನೇ ವರ್ಷ. ಇಂದಿರಾ ಗಾಂಧಿ ಚಿಕ್ಕಮಗಳೂರಿನಿಂದ ಗೆದ್ದ ಉಪಚುನಾವಣೆ 1978ರ ನವೆಂಬರ್ ಆರಂಭದಲ್ಲಿ. ಅವರ ಹುಟ್ಟುಹಬ್ಬ ನವೆಂಬರ್ 19, ಹುಟ್ಟಿದ ವರ್ಷ 1917. ಕಳೆದರೆ 61, ಆದರೆ ಮತದಾನದ ದಿನ ಅವರಿಗೆ 60. ಇಸವಿಯಿಂದ ಇಸವಿ ಕಳೆಯುವ ಮೊದಲು ತಿಂಗಳು, ತಾರೀಕು ನೋಡುವ ಅಭ್ಯಾಸ ಇಲ್ಲದಿದ್ದರೆ ಅರ್ಧಕ್ಕರ್ಧ ಲೆಕ್ಕ ಹೀಗೆ ಜಾರುತ್ತದೆ.

ಹುಟ್ಟುಹಬ್ಬದ ಎಣಿಕೆ ಬೇರೆ. ‘ಸಿಕ್ಸ್ಟಿಯತ್ ಬರ್ತ್‌ಡೇ’ ಎಂದರೆ ಅರವತ್ತು ತುಂಬಿದ ದಿನ, ‘ಸಿಕ್ಸ್ಟಿಯತ್ ಇಯರ್’ ಎಂದರೆ ಐವತ್ತೊಂಬತ್ತು ತುಂಬಿ ನಡೆಯುತ್ತಿರುವ ವರ್ಷ. ಷಷ್ಟ್ಯಬ್ದಿಯ ಕರೆಯೋಲೆಯನ್ನು ಇಂಗ್ಲಿಷಿನಲ್ಲೂ ಅಚ್ಚು ಹಾಕಿಸುವವರು ಇಲ್ಲಿ ಎಚ್ಚರ ವಹಿಸಬೇಕು. ಅರವತ್ತು ಸಂವತ್ಸರಗಳ ಚಕ್ರ ಒಂದು ಸುತ್ತು ಮುಗಿದು ಹುಟ್ಟಿದ ಸಂವತ್ಸರವೇ ಮರಳಿ ಬಂದಾಗಿನ ಶಾಂತಿ ಅದು. ಆಗ ‘ಆನ್ ಕಂಪ್ಲೀಟಿಂಗ್ 60 ಇಯರ್ಸ್’ ಎಂಬುದೇ ತಕ್ಕ ಮಾತು. ‘ಇನ್ ಹಿಸ್ 60ತ್ ಇಯರ್’ ಎಂದರೆ ಒಂದು ವರ್ಷ ಮೊದಲೇ ಹೋಮ ಮಾಡಿಸಿದಂತಾಯಿತು.

ಕಾನೂನಿನ ಇಂಗ್ಲಿಷಿಗೆ ಪ್ರಿಯವಾದ ಪದ ‘ಅಟೇನ್’. ‘ಅಟೇನ್ಡ್ ದಿ ಏಜ್ ಆಫ್ 18’ ಎಂದರೆ ಹದಿನೆಂಟು ತುಂಬಿದೆ. ಹದಿನೆಂಟಕ್ಕೆ ಬಿದ್ದಿದ್ದರೆ ಸಾಲದು. ಭಾರತೀಯ ಪ್ರಾಪ್ತ ವಯಸ್ಕತೆಯ 1875ರ ಕಾಯಿದೆಯ ಪ್ರಕಾರ ಹದಿನೆಂಟನೇ ಹುಟ್ಟುಹಬ್ಬದ ದಿನ ಶುರುವಾಗುತ್ತಿದ್ದಂತೆಯೇ ಆ ವಯಸ್ಸು ಬಂತು, ಹುಟ್ಟಿದ ಗಳಿಗೆಗೆ ಕಾಯಬೇಕಿಲ್ಲ. ಮತದಾರರ ಪಟ್ಟಿಗೆ ಜನವರಿ 1ರ ಜೊತೆಗೆ ಏಪ್ರಿಲ್ 1, ಜುಲೈ 1, ಅಕ್ಟೋಬರ್ 1 ಕೂಡ 2022ರಿಂದ ಅರ್ಹತಾ ದಿನಗಳಾಗಿವೆ. ಆ ದಿನಕ್ಕೆ 18 ‘ಅಟೇನ್’ ಆಗಿರಬೇಕು. ರಾಜ್ಯ ಸರ್ಕಾರಿ ನೌಕರರು 60 ‘ಅಟೇನ್’ ಆದ ತಿಂಗಳ ಕೊನೆಯ ದಿನ ನಿವೃತ್ತರು. ತಿಂಗಳ ಒಂದನೇ ತಾರೀಕು ಹುಟ್ಟಿದವರು ಮಾತ್ರ ಹಿಂದಿನ ತಿಂಗಳ ಕೊನೆಗೇ ಹೊರಡಬೇಕು. ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿಗೆ ಜೂನ್ 1 ಎಂದು ಬರೆದುಕೊಂಡ ತಲೆಮಾರಿನ ನೌಕರರೆಲ್ಲ ಮೇ 31ಕ್ಕೆ ಹಾರ ಹಾಕಿಸಿಕೊಂಡದ್ದು ಇದೇ ಕಾರಣಕ್ಕೆ.

ಹೋಮ್‌ಸ್ಟೇ ಬೋರ್ಡಿನ ‘ಅಂಡರ್’ ಮತ್ತು ‘ಅಪ್ ಟು’

ವಯಸ್ಸಿನ ಗಡಿ ಬರೆಯುವಾಗ ಕನ್ನಡದ ಪ್ರತ್ಯಯಗಳೇ ದಾರಿ ತೋರಿಸುತ್ತವೆ. ‘ಐದು ವರ್ಷದೊಳಗಿನ’ ಎಂದರೆ ‘ಅಂಡರ್ 5’ ಅಥವಾ ‘ಬಿಲೋ 5’. ಐದು ತುಂಬಿದ ದಿನವೇ ಮಗು ಹೊರಗೆ. ‘ಅರವತ್ತು ಮತ್ತು ಅದಕ್ಕೂ ಮೇಲ್ಪಟ್ಟ’ ಎಂದರೆ ‘60 ಅಂಡ್ ಅಬೌವ್’. ಅರವತ್ತು ತುಂಬಿದ ದಿನವೇ ಒಳಗೆ. ‘ಅಬೌವ್ 60’ ಎಂದಷ್ಟೇ ಬರೆದರೆ ಅರವತ್ತರವರು ಸೇರಿದರೋ ಇಲ್ಲವೋ ಎಂಬುದು ಕೌಂಟರಿನಲ್ಲಿ ಕೂತವರ ಮರ್ಜಿ. ಹಿರಿಯ ನಾಗರಿಕರ ಪಾಲನೆಯ 2007ರ ಕಾಯಿದೆಯೂ ಅರವತ್ತು ವರ್ಷ ತುಂಬಿದವರನ್ನು ಸೇರಿಸಿಕೊಂಡೇ ಮಾತಾಡುತ್ತದೆ.

ಜಗಳ ಹುಟ್ಟಿಸುವುದು ‘ಅಪ್ ಟು 5 ಇಯರ್ಸ್ ಫ್ರೀ’. ಐದು ವರ್ಷ ಎಂಟು ತಿಂಗಳ ಮಗುವಿನ ಅಪ್ಪ ‘ಇವಳು ಫೈವ್ ಇಯರ್ಸ್ ಓಲ್ಡ್ ತಾನೇ’ ಅನ್ನುತ್ತಾರೆ, ಇಂಗ್ಲಿಷಿನ ಲೆಕ್ಕದಲ್ಲಿ ಅವರದ್ದೇ ಸರಿ. ಮಾಲೀಕರು ‘ಐದು ದಾಟಿದೆಯಲ್ಲ ಸಾರ್’ ಅನ್ನುತ್ತಾರೆ, ಕನ್ನಡದ ಲೆಕ್ಕದಲ್ಲಿ ಅವರದ್ದೂ ಸರಿ. ಐದು ತುಂಬಿದವರಿಗೂ ಉಚಿತ ಎಂದಿದ್ದರೆ ‘ಅಂಡರ್ 6’ ಎಂದು ಬರೆಯಿರಿ. ಐದು ತುಂಬಿದೊಡನೆ ದುಡ್ಡು ಎಂದಿದ್ದರೆ ‘ಅಂಡರ್ 5’. ‘ಅಪ್ ಟು’ ಬಿಟ್ಟೇಬಿಡಿ. ಎರಡು ಗಡಿ ಇದ್ದಾಗ ‘6 ಟು 11’, ಇಲ್ಲವೇ ‘ಬಿಟ್ವೀನ್ 6 ಅಂಡ್ 11’; ‘ಬಿಟ್ವೀನ್ 6 ಟು 11’ ಎಂಬ ಕಲಬೆರಕೆ ಬೇಡ. ‘5 ಟು 10’ ಅರ್ಧ ದರ, ‘10 ಟು 18’ ಪೂರ್ತಿ ದರ ಎಂದು ಬರೆದವರು ಹತ್ತರ ಹುಡುಗನನ್ನು ಎರಡು ಕಡೆ ಕೂರಿಸಿದ್ದಾರೆ. ‘5 ಟು 9’, ‘10 ಟು 17’ ಎಂದು ಗಡಿ ಬಿಡಿಸಿದರೆ ತಕರಾರಿಲ್ಲ.

‘ಏಜ್ಡ್’, ‘ಅಟ್ ದಿ ಏಜ್ ಆಫ್’, ‘ಇನ್ ಹಿಸ್ ಸಿಕ್ಸ್ಟೀಸ್’

ಸುದ್ದಿ, ಶ್ರದ್ಧಾಂಜಲಿಗಳಲ್ಲಿ ಹೆಸರಿನ ಬೆನ್ನಿಗೆ ವಯಸ್ಸು ಬರಬೇಕಾದಾಗ ‘ಏಜ್ಡ್ 72’ ಅಥವಾ ಬರೀ ‘72’, ಎರಡೂ ಕಡೆ ಅಲ್ಪವಿರಾಮ. ‘ಏಜ್ಡ್’ ಬಂದ ಮೇಲೆ ‘ಓಲ್ಡ್’ ಬೇಡ. ‘ಏಜ್ಡ್ 72 ಇಯರ್ಸ್ ಓಲ್ಡ್’ ಎಂದರೆ ಒಂದೇ ಮಾತನ್ನು ಎರಡು ಸಲ ಆಡಿದಂತೆ. ‘ಅಟ್ ದಿ ಏಜ್ ಆಫ್ 72’ ಎಂದ ಮೇಲೂ ‘ಇಯರ್ಸ್’ ಹೊರೆಯೇ. ‘ಹಿಸ್ ಏಜ್ ಈಸ್ 72 ಇಯರ್ಸ್ ಓಲ್ಡ್’ ಎಂಬುದು ‘ಅವರ ವಯಸ್ಸು 72 ವರ್ಷ’ ಎಂಬ ಕನ್ನಡಕ್ಕೆ ಇಂಗ್ಲಿಷ್ ಅಂಗಿ ತೊಡಿಸಿದ್ದು. ‘ಹೀ ಈಸ್ 72’ ಸಾಕು. ‘ಹೀ ಈಸ್ 72 ಇಯರ್ಸ್’ ಎಂದು ನಡುದಾರಿಯಲ್ಲಿ ನಿಲ್ಲಿಸುವುದೂ ಸರಿಯಲ್ಲ: ‘72’ ಅನ್ನಿ, ಇಲ್ಲವೇ ‘72 ಇಯರ್ಸ್ ಓಲ್ಡ್’ ಎಂದು ಪೂರ್ತಿ ಹೋಗಿ.

‘ಏಜ್ಡ್’ಗೆ ಎರಡು ಉಚ್ಚಾರ. ವಯಸ್ಸಿನ ಅಂಕಿಯ ಮುಂದೆ ಅದು ‘ಏಜ್ಡ್’. ‘ವಯಸ್ಸಾದ ತಾಯಿ’ ಎನ್ನುವಲ್ಲಿ ‘ಏಜಿಡ್ ಮದರ್’, ನಡುವೆ ‘ಇ’ ಕೇಳಬೇಕು. ಬರವಣಿಗೆ ಒಂದೇ.

‘ಅರವತ್ತರ ಆಸುಪಾಸು’ ಮತ್ತು ‘ಇನ್ ಹಿಸ್ ಸಿಕ್ಸ್ಟೀಸ್’ ಒಂದೇ ಎಂದು ಅನುವಾದಿಸುವುದು ಬಹಳ ಕಾಣುತ್ತದೆ. ಒಂದೇ ಅಲ್ಲ. ಆಸುಪಾಸು ಎಂದರೆ ಐವತ್ತೆಂಟೂ ಇರಬಹುದು, ಅರವತ್ತೆರಡೂ ಇರಬಹುದು. ಅದು ‘ಅರೌಂಡ್ ಸಿಕ್ಸ್ಟಿ’. ‘ಇನ್ ಹಿಸ್ ಸಿಕ್ಸ್ಟೀಸ್’ ಎಂದರೆ ಅರವತ್ತರಿಂದ ಅರವತ್ತೊಂಬತ್ತು, ಐವತ್ತೆಂಟಕ್ಕೆ ಅಲ್ಲಿ ಜಾಗವಿಲ್ಲ. ಅರವತ್ತಕ್ಕೆ ಅರಳು ಮರಳು ಎನ್ನುವ ನಮ್ಮ ಗಾದೆಗೆ ಈ ಹತ್ತು ವರ್ಷದ ವಿಶಾಲತೆ ಇಲ್ಲ. ‘ಅರ್ಲಿ’, ‘ಮಿಡ್’, ‘ಲೇಟ್’ ಸೇರಿಸಿ ಇನ್ನಷ್ಟು ಬಿಗಿ ಮಾಡಬಹುದು. ‘ಲೇಟ್ ಸಿಕ್ಸ್ಟೀಸ್’ ಸುಮಾರು ಅರವತ್ತೇಳರ ಮೇಲೆ. ಆದರೆ ‘ಲೇಟ್’ ಪದ ಹೆಸರಿನ ಮುಂದೆ ಜಾರಿದರೆ ಬದುಕಿದ್ದವರು ದಿವಂಗತರಾಗುತ್ತಾರೆ, ಜಾಗ ನೋಡಿ ಹಾಕಿ. ಅಂಕಿಯಲ್ಲಿ ‘60ಎಸ್’ ಎಂದು ಬರೆಯುವಾಗ ನಡುವೆ ಕೊಂಬಿನಂಥ ಚಿಹ್ನೆ (ಅಪಾಸ್ಟ್ರಫಿ) ಬೇಡ.

ಕೊನೆಗೆ ‘ಎಲ್ಡರ್’ ಮತ್ತು ‘ಓಲ್ಡರ್’. ಅಣ್ಣ ‘ಎಲ್ಡರ್ ಬ್ರದರ್’, ಅಕ್ಕ ‘ಎಲ್ಡರ್ ಸಿಸ್ಟರ್’. ಮನೆಯೊಳಗಿನ ಹಿರಿತನಕ್ಕೆ, ನಾಮಪದದ ಮುಂದೆ, ಈ ಪದ. ಹೋಲಿಸಿ ಹೇಳುವಾಗ ಮನೆಯವರಾದರೂ ‘ಓಲ್ಡರ್ ದ್ಯಾನ್’: ‘ಮೈ ಬ್ರದರ್ ಈಸ್ ತ್ರೀ ಇಯರ್ಸ್ ಓಲ್ಡರ್ ದ್ಯಾನ್ ಮೀ’. ‘ಎಲ್ಡರ್ ದ್ಯಾನ್’ ಒಪ್ಪಿತ ಇಂಗ್ಲಿಷಿನಲ್ಲಿ ಇಲ್ಲ. ‘ಎಲ್ಡರ್ ಟು ಮೀ’ ನಮ್ಮ ಶಾಲೆಗಳಲ್ಲಿ ಬೇರೂರಿದೆ, ಇಲ್ಲಿ ನಡೆಯುತ್ತದೆ. ಹೊರದೇಶದ ಅರ್ಜಿಗೆ ‘ಓಲ್ಡರ್ ದ್ಯಾನ್’ ಬಳಸಿ. ಮರ, ಮನೆ, ದೇವಸ್ಥಾನಕ್ಕೆ ‘ಎಲ್ಡರ್’ ಎಂದೂ ಸಲ್ಲದು. ಬೇಲೂರಿನ ಗುಡಿ ಹಳೇಬೀಡಿನದಕ್ಕಿಂತ ‘ಓಲ್ಡರ್’ ಅಷ್ಟೇ, ಅಕ್ಕನಲ್ಲ.